ಆರುನೂರು ಸಲ ಹಡಗು ಹತ್ತಿದವಳು

ನಮ್ಮ ಹಡಗು ನೀರಿಗಿಳಿಯುವ ದಿನ ಬೆಳಿಗ್ಗೆಯಿಂದಲೇ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಕಂದು ಕಾಲುಚೀಲ ಹಾಕಿಕೊಂಡಿದ್ದೇನೆಂದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು. ಪಕ್ಕದಲ್ಲಿದ್ದ ಅಜ್ಜಿ ಬಗ್ಗಿ ನೋಡಿ, "ಇರಲಿ ಬಿಡು. ಒಂದು ಕಾಲು ಕಳೆದುಹೋದರೆ ಯಾವುದು ಅಂತ ಹೇಳೋಕೆ ಸುಲಭ" ಅಂದಳು.

ಹಡಗು ಇಳಿಸುವ ದಿನ ಕೆಲಸಗಾರರ ಮನೆಯವರಿಗೂ ಕರೆ ಇರುತ್ತದೆ. ಅಜ್ಜಿ ತನ್ನ ಒಳ್ಳೆಯ ಶಾಲು ಹೊದ್ದು ಬಂದಿದ್ದಳು. ಅವಳ ಮಗ, ಅಂದರೆ ನನ್ನ ಸೋದರಮಾವ, ಹಡಗು ಕಟ್ಟುವ ಅಂಗಳದಲ್ಲಿ ಇಪ್ಪತ್ತೆಂಟು ವರ್ಷದಿಂದ ಉಗ್ರಾಣ ನೋಡಿಕೊಳ್ಳುತ್ತಿದ್ದ. ನಾನು ಸೇರಿ ಒಂದು ವರ್ಷವಾಗಿತ್ತು. ಅಪ್ಪ ಅಮ್ಮ ದೂರದ ಊರುಗಳಿಗೆ ವರ್ಗವಾಗುತ್ತಲೇ ಇದ್ದುದರಿಂದ ನಾನು ಬೆಳೆದದ್ದು ಅಜ್ಜಿ ಮತ್ತು ಮಾವನ ಮನೆಯಲ್ಲೇ. ಅನ್ನ ಹಾಕಿದವನು ಮಾವ, ತಲೆ ಕೆಡಿಸಿದವಳು ಅಜ್ಜಿ. ಎಂಟು ವರ್ಷವಾಗುವ ತನಕ ಕಡಲಿನ ತಳದಲ್ಲಿ ಒಂದು ಬಚ್ಚಲ ಬಿರಡೆ ಇದೆ, ಅದನ್ನು ಯಾರೋ ಎಳೆದರೆ ಇಳಿತ, ಮುಚ್ಚಿದರೆ ಭರತ ಎಂದೇ ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ನಮ್ಮ ಕಂಪನಿ ಸರ್ಕಾರದ ಕಡಲ ಕಾವಲು ಪಡೆಗೆ ಗಸ್ತು ಹಡಗು ಕಟ್ಟಿಕೊಡುತ್ತದೆ. ಬೂದು ಬಣ್ಣದ, ಉದ್ದ ಮೂತಿಯ, ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುವ ಹಡಗುಗಳು. ಅದರಲ್ಲಿ ನನ್ನ ಕೆಲಸ ಏನೆಂದು ಯಾರಿಗಾದರೂ ಹೇಳಿದರೆ ನಗುತ್ತಾರೆ. ನಾನು ತೂಗುವವಳು. ಹಡಗಿನೊಳಗೆ ಹೋಗುವ ಪ್ರತಿಯೊಂದು ವಸ್ತುವನ್ನೂ ಮೊದಲು ತೂಕದ ಮನೆಗೆ ತರಬೇಕು, ನಾನು ತೂಗಿ ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಅದು ಹಡಗು ಹತ್ತಬೇಕು. ಹಡಗಿಗೆ ತೂಕವೆಂದರೆ ಜಾತಕವಿದ್ದ ಹಾಗೆ. ಎಷ್ಟು ಮುಳುಗುತ್ತದೆ, ಎಷ್ಟು ಓಡುತ್ತದೆ, ಅಲೆಗೆ ಓರೆಯಾದರೆ ಮತ್ತೆ ನೆಟ್ಟಗಾಗುತ್ತದೋ ಇಲ್ಲವೋ, ಎಲ್ಲ ಅದರಲ್ಲೇ ಇದೆ. ನೂರು ಕೆಜಿಗಿಂತ ಕಡಿಮೆಯದಕ್ಕೆ ಮೇಜಿನ ಮೇಲಿನ ಚಿಕ್ಕ ತಕ್ಕಡಿ. ಹೆಚ್ಚಿನದಕ್ಕೆ ನೆಲದಲ್ಲೇ ಕೂರಿಸಿದ, ಎತ್ತಿನ ಗಾಡಿಯಷ್ಟು ಅಗಲದ ಉಕ್ಕಿನ ಹಲಗೆ. ಹಲಗೆಯ ಮೇಲೆ ಸಾಮಾನು ಇಟ್ಟರೆ ಪಕ್ಕದ ಕಂಬದ ಮೇಲೆ, ದೊಡ್ಡ ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ತಿರುಗುತ್ತದೆ.

ನನಗಿಂತ ಮುಂಚೆ ಆ ಕೆಲಸ ಮಾಡುತ್ತಿದ್ದವರನ್ನು ಎಲ್ಲರೂ ಏಣಿ ಎಂದು ಕರೆಯುತ್ತಿದ್ದರಂತೆ. ಅಷ್ಟು ಉದ್ದ. ಬಿಲ್ಲೆಯನ್ನು ಅವರ ಕಣ್ಣಿನ ಮಟ್ಟಕ್ಕೆ ಕೂರಿಸಿದ್ದರು. ನಾನು ನಮ್ಮ ಮನೆಯ ಬೀರುವಿನ ಮೇಲಿನ ತಟ್ಟೆ ತೆಗೆಯಲೂ ಅಜ್ಜಿಯ ಊರುಗೋಲು ಕೇಳುವವಳು. ಮಾವ ಬಡಗಿಗೆ ಹೇಳಿ ಒಂದು ಸ್ಟೂಲು ಮಾಡಿಸಿಕೊಟ್ಟಿದ್ದ. ಗಟ್ಟಿ ಮರದ್ದು, ನಾಲ್ಕು ಕಾಲಿಗೂ ರಬ್ಬರು. ಅದರ ಮೇಲೆ ನಿಂತರೆ ಸಣ್ಣ ಅಂಕಿಗಳೂ ಕಾಣುತ್ತಿದ್ದವು. ವೆಲ್ಡರುಗಳು ನನ್ನನ್ನು 'ತಕ್ಕಡಿ' ಎಂದು ಕರೆಯುತ್ತಿದ್ದರು. ಸ್ಟೂಲಿನ ಮೇಲೆ ನಿಂತಾಗ 'ತಕ್ಕಡಿ ಮೇಡಂ'.

ಹತ್ತು ಗಂಟೆಗೆ ಹಡಗನ್ನು ಹಿಡಿದಿಟ್ಟಿದ್ದ ಹಗ್ಗ ಕಡಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಗ್ರೀಸು ಬಳಿದ ಜಾರುಹಾದಿಯ ಮೇಲೆ ಹಡಗು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಅಲುಗಿತು, ಬೆರಳಿನಷ್ಟು ಸರಿಯಿತು, ಮೊಳದಷ್ಟು ಸರಿಯಿತು, ಇದ್ದಕ್ಕಿದ್ದಂತೆ ಯಾರೋ ಹೆಸರು ಹಿಡಿದು ಕರೆದ ಹಾಗೆ ಓಡಿಹೋಗಿ ನೀರಿಗೆ ಬಿತ್ತು. ನೀರು ಎರಡೂ ಕಡೆ ಎದ್ದು ಮುಂದಿನ ಸಾಲಿನವರನ್ನೆಲ್ಲ ತೋಯಿಸಿತು. ಇಂಜಿನ್ ಜೋಡಿಸುವ ಮುದುಕಪ್ಪ ಗಳಗಳನೆ ಅಳುತ್ತ ನಗುತ್ತಿದ್ದ. ನಾನು ಯಾರದೋ ಕೈ ಹಿಡಿದು ಕುಣಿದೆ, ನೋಡಿದರೆ ಅವರು ನಮ್ಮ ಮ್ಯಾನೇಜರು. ಅವರೂ ಎರಡು ಹೆಜ್ಜೆ ಹಾಕಿ, ನೆನಪಾಗಿ, ಕೈ ಬಿಡಿಸಿಕೊಂಡರು.

"ಎಷ್ಟು ಹಗುರವಾಗಿ ನಿಂತಿದೆ ನೋಡು, ಬಾತುಕೋಳಿ ಥರ" ಅಂದಳು ಅಜ್ಜಿ.

ಅವಳು ಸುಮ್ಮನೆ ಹೇಳಿದ್ದು. ಆದರೆ ನನ್ನ ಪಕ್ಕ ನಿಂತಿದ್ದ ಸೊನ್ನೆ ಸಾರ್ ಮುಖದ ಬಣ್ಣ ಹೋಯಿತು.

ಸೊನ್ನೆ ಸಾರ್ ಹಡಗಿನ ವಿನ್ಯಾಸ ಮಾಡಿದವರು. ಯಾವ ಲೆಕ್ಕವನ್ನೂ ದಶಮಾಂಶ ಬಿಂದುವಿನ ಆಚೆ ಮೂರು ಸೊನ್ನೆಯ ತನಕ ಹೋಗದೆ ಬಿಡುವವರಲ್ಲ, ಅದಕ್ಕೇ ಆ ಹೆಸರು. ಇಡೀ ವರ್ಷ ಅವರು ನನ್ನ ಪುಸ್ತಕ ನೋಡಿ ನಿದ್ದೆಗೆಟ್ಟಿದ್ದರು. ಪುಸ್ತಕದ ಪ್ರಕಾರ ಹಡಗು ಭಾರವಾಗುತ್ತಲೇ ಹೋಗುತ್ತಿತ್ತು. ಸಾಮಾನು ಮಾಡಿದ ಕಂಪನಿಯವರು ಹೇಳಿದ ತೂಕ ಒಂದು, ನನ್ನ ಮುಳ್ಳು ತೋರಿಸುವ ತೂಕ ಇನ್ನೊಂದು, ಯಾವಾಗಲೂ ಹೆಚ್ಚೇ. "ಎಲ್ಲರೂ ಸುಳ್ಳರು" ಎಂದು ಸಾರ್ ಹನ್ನೊಂದು ಕಂಪನಿಗಳಿಗೆ ಖಾರವಾದ ಪತ್ರ ಬರೆದಿದ್ದರು. ಒಬ್ಬ ಲಂಗರು ಮಾಡುವವನು ಕ್ಷಮೆ ಕೇಳಿ, ಇನ್ನು ಮುಂದೆ ಹೀಗಾಗದು ಎಂದು ಉತ್ತರವನ್ನೂ ಬರೆದಿದ್ದ. ಭಾರವಾದ ಹಡಗು ಓಡುವುದಿಲ್ಲ, ಓಡದ ಹಡಗನ್ನು ಕಾವಲು ಪಡೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಸಾರ್ ಹಡಗನ್ನು ಉಪವಾಸ ಕೆಡವಿದ್ದರು. ನಾವಿಕರ ಊಟದ ಮೇಜು ತೆಗೆಸಿದರು, ಕುರ್ಚಿಗಳಿಗೆ ಬದಲು ಮಡಚುವ ಪಟ್ಟಿ ಹಾಕಿಸಿದರು, ಹಾಸಿಗೆಗಳನ್ನು ಹಪ್ಪಳದಷ್ಟು ತೆಳ್ಳಗೆ ಮಾಡಿಸಿದರು, ಬಾಗಿಲ ಹಿಡಿಕೆಗಳಿಗೂ ತೂತು ಕೊರೆಸಿದರು. ಹಡಗನ್ನು ಮೊದಲ ಸಲ ಕಡಲಲ್ಲಿ ಓಡಿಸಿ ನೋಡುವ ಸಮುದ್ರದ ಪರೀಕ್ಷೆಗೆ ಹೋಗುವವರ ಪಟ್ಟಿಯಿಂದ ನನ್ನನ್ನು ಹೊಡೆದುಹಾಕಿದ್ದೂ ಹಾಗೆಯೇ. "ಒಬ್ಬೊಬ್ಬರೂ ತೂಕವೇ ಅಮ್ಮಾ, ಬೇಜಾರು ಮಾಡಿಕೋಬೇಡ" ಎಂದಿದ್ದರು. ನಾನು ಆ ರಾತ್ರಿ ಅಜ್ಜಿಯ ಸೆರಗಿಗೆ ಮೂಗು ಒರೆಸಿಕೊಂಡಿದ್ದೆ.

ಹಡಗಿನ ಮೈಮೇಲೆ, ಮೂತಿಯಲ್ಲೂ ನಡುವಿನಲ್ಲೂ ಹಿಂದೆಯೂ, ಅಳತೆಪಟ್ಟಿಯ ಹಾಗೆ ಅಂಕಿ ಬರೆದಿರುತ್ತಾರೆ. ನೀರು ಯಾವ ಅಂಕಿಗೆ ಮುಟ್ಟಿದೆ ಎಂದು ನೋಡಿದರೆ ಹಡಗಿನ ನಿಜವಾದ ತೂಕ ಗೊತ್ತಾಗುತ್ತದೆ. ಸೊನ್ನೆ ಸಾರ್ ಚಿಕ್ಕ ದೋಣಿಯಲ್ಲಿ ಹಡಗಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ಓದಿಕೊಂಡು ಬಂದರು. ಹಡಗು ಲೆಕ್ಕಕ್ಕಿಂತ ಏಳು ಬೆರಳು ಮೇಲೆ ನಿಂತಿತ್ತು. ನನ್ನ ಪುಸ್ತಕದ ಪ್ರಕಾರ ಮುನ್ನೂರ ಮೂವತ್ತು ಟನ್ನು ಎಂಟುನೂರು ಕೆಜಿ. ನೀರಿನ ಪ್ರಕಾರ ಇನ್ನೂರ ತೊಂಬತ್ತೊಂಬತ್ತು ಟನ್ನು ನಾನೂರು.

"ಮೂವತ್ತೊಂದು ಟನ್ನು ನಾನೂರು ಕೆಜಿ ಎಲ್ಲಿ ಹೋಯ್ತು?" ಎಂದರು ಮ್ಯಾನೇಜರು.

ತಮಾಷೆ ಅಲ್ಲಿಗೆ ನಿಂತಿತು. ಯಾಕೆಂದರೆ ತೂಕದ ಮನೆಯಿಂದ ಹೊರಟ ಸಾಮಾನು ಹಡಗು ಸೇರುವ ತನಕ ಇರುವುದು ಉಗ್ರಾಣದ ಕೈಯಲ್ಲಿ. ಉಗ್ರಾಣ ಅಂದರೆ ಮಾವ. ಎರಡು ತಿಂಗಳ ಹಿಂದಷ್ಟೇ ತೂಕದ ಇಲಾಖೆಯವರು ಬಂದು ಹಲಗೆ ಸರಿಯಾಗಿದೆ ಎಂದು ಮುದ್ರೆ ಒತ್ತಿ ಹೋಗಿದ್ದರು. ತಕ್ಕಡಿ ಸರಿ, ಪುಸ್ತಕ ಸರಿ, ಹಡಗು ಹಗುರ. ಹಾಗಿದ್ದರೆ ಮೂವತ್ತೊಂದು ಟನ್ ಉಕ್ಕು ತಾಮ್ರ ಹಿತ್ತಾಳೆ ನಡುವೆ ಎಲ್ಲೋ ಗೇಟಿನಿಂದ ಆಚೆ ಹೋಗಿದೆ.

ಮ್ಯಾನೇಜರು ಮಾವನ ಮುಖ ನೋಡದೆ ಮಾತಾಡಿದರು. "ನಾಲ್ಕು ಗಂಟೆಗೆ ಕಾವಲು ಪಡೆಯ ಮೇಡಂ ತೂಕದ ಕಾಗದಕ್ಕೆ ಸಹಿ ಹಾಕೋಕೆ ಬರ್ತಾರೆ. ಯಾಕೆ ಹಗುರ ಅಂತ ಗೊತ್ತಿಲ್ಲದ ಹಡಗು ಯಾವಾಗ ಮಗುಚುತ್ತೆ ಅಂತಾನೂ ಗೊತ್ತಿರಲ್ಲ, ಅವರು ಕೇಳೇ ಕೇಳ್ತಾರೆ. ಅಷ್ಟರೊಳಗೆ ಉತ್ತರ ಸಿಗದಿದ್ರೆ ನಾನು ನಿಮ್ಮನ್ನ ಕೆಲಸದಿಂದ ನಿಲ್ಲಿಸಿ ತನಿಖೆಗೆ ಬರೀಬೇಕಾಗುತ್ತೆ. ಉಗ್ರಾಣದ ಬೀಗದ ಕೈ ಕೊಡಿ."

ಮಾವ ಸೊಂಟದಿಂದ ಗೊಂಚಲು ಬಿಚ್ಚಿ ಕೊಟ್ಟ. ಇಪ್ಪತ್ತೆಂಟು ವರ್ಷ ಅವನು ನಡೆದಾಗಲೆಲ್ಲ ಝಣಝಣ ಅನ್ನುತ್ತಿತ್ತು. ಈಗ ಸದ್ದಿಲ್ಲದೆ ನಡೆದು ಹೋಗಿ ತೂಕದ ಮನೆಯ ಮೂಲೆಯ ಡ್ರಮ್ಮಿನ ಮೇಲೆ ಕೂತ.

ಸೊನ್ನೆ ಸಾರ್, ನಾನು, ನಾಲ್ಕು ಜನ ಫಿಟ್ಟರುಗಳು ಪುಸ್ತಕ ಹಿಡಿದು ಹಡಗಿನೊಳಗೆ ಹುಡುಕಿದೆವು. ಬೆಳಗಿನ ಅಮಲು ಇನ್ನೂ ಯಾರಿಗೂ ಇಳಿದಿರಲಿಲ್ಲ, ಹುಡುಕಾಟವೂ ಕಣ್ಣಾಮುಚ್ಚಾಲೆಯಂತೆಯೇ ಇತ್ತು.

"ಲಂಗರು ಎರಡು?"

"ಎರಡೂ ಇವೆ ಸಾರ್. ನಾಚಿಕೊಂಡು ಮೂಲೇಲಿ ಕೂತಿವೆ."

"ವಿದ್ಯುತ್ ಯಂತ್ರ?"

"ಇದೆ. ಒದ್ದು ನೋಡಿದೆ, ಕಾಲು ನೋಯ್ತು."

"ನೀರೆತ್ತೋ ಪಂಪು ಒಂಬತ್ತು?"

"ಒಂಬತ್ತು. ಬೇಕಾದ್ರೆ ಎಣಿಸಿ ಹತ್ತು ಮಾಡ್ತೀನಿ."

ಮೂರು ಗಂಟೆಯ ಹೊತ್ತಿಗೆ ಪುಸ್ತಕದ ಕೊನೆಯ ಸಾಲಿಗೆ ಬಂದೆವು. ಒಂದು ತಿರುಪೂ ಕಳೆದಿರಲಿಲ್ಲ. ಸೊನ್ನೆ ಸಾರ್ ಇಂಜಿನ್ ಕೋಣೆಯ ಮೆಟ್ಟಿಲ ಮೇಲೆ ಕೂತು, "ಎಲ್ಲಾ ಇದೆ. ತೂಕ ಮಾತ್ರ ಇಲ್ಲ" ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ಸಣ್ಣಗೆ ನಕ್ಕರು. ಫಿಟ್ಟರುಗಳು ಅವರನ್ನು ಮೆಲ್ಲಗೆ ಎಬ್ಬಿಸಿ ಚಹಾ ಕುಡಿಸಲು ಕರೆದೊಯ್ದರು.

"ಹಾಗಾದ್ರೆ ಮಾವ ಕದ್ದಿಲ್ಲ ಅಂತ ಆಯ್ತಲ್ಲ" ಎಂದು ನಾನು ಓಡಿಹೋಗಿ ಮ್ಯಾನೇಜರಿಗೆ ಹೇಳಿದೆ.

"ಭಾರದ್ದು ತೆಗೆದು ಅದೇ ಥರದ ಹಗುರದ್ದು ಇಟ್ಟಿರಬಹುದಲ್ಲಮ್ಮ" ಎಂದರು ಅವರು. ಅವರಿಗೂ ಅದನ್ನು ನಂಬಲು ಮನಸ್ಸಿರಲಿಲ್ಲ, ಪಾಪ. ಆದರೆ ಗಡಿಯಾರ ಅವರ ಎದುರೇ ಇತ್ತು.

ತೂಕದ ಮನೆಗೆ ಬಂದೆ. ಮಾವ ಡ್ರಮ್ಮಿನ ಮೇಲೆ ಹಾಗೇ ಕೂತಿದ್ದ. ಅಜ್ಜಿ ಅವನ ಎದುರು ನನ್ನ ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಬಣ್ಣದ ತಂಡದ ಮೇಸ್ತ್ರಿ, ಎಲ್ಲರ ಬಾಯಲ್ಲಿ ಬಣ್ಣದಣ್ಣ, ತನ್ನ ಡಬ್ಬಿ ಹುಡುಕಿಕೊಂಡು ಬಂದವನು ಕತೆ ಕೇಳುವ ಆಸೆಗೆ ಬಾಗಿಲಲ್ಲೇ ನಿಂತಿದ್ದ.

ನಾನು ಎಲ್ಲ ಹೇಳಿದೆ. ಅಜ್ಜಿಯ ಕಣ್ಣು ಹೊಳೆಯಿತು. ಮಗನ ಕೆಲಸ ಹೋಗುವ ಹೊತ್ತಿನಲ್ಲಿ ಹೊಳೆಯಬಾರದಿತ್ತು, ಆದರೆ ಹೊಳೆಯಿತು.

"ಸಾಮಾನು ಇದೆ, ತೂಕ ಇಲ್ಲ. ಇದು ಅವಳದೇ ಕೆಲಸ" ಅಂದಳು.

"ಯಾರದು ಅಜ್ಜಿ?"

"ತೂಕ ಕದಿಯೋ ರಾಕ್ಷಸಿದು. ನೀನು ಹುಟ್ಟೋಕೆ ಮುಂಚೆ, ನಾನು ಹುಟ್ಟೋಕೂ ಮುಂಚೆ, ಸಮುದ್ರ ಇನ್ನೂ ಸಿಹಿಯಾಗಿದ್ದಾಗ ಒಬ್ಬಳಿದ್ದಳು. ಅವಳು ಮಡಕೆ ಕದೀತಿರಲಿಲ್ಲ, ಮಡಕೆಯ ತೂಕ ಕದೀತಿದ್ದಳು. ಒರಳು ಗಾಳಿಗೆ ಹಾರೋದು. ಜನ ಎಮ್ಮೆಗಳನ್ನ ಕಂಬಕ್ಕೆ ಕಟ್ಟಿದ್ರೆ, ಅವು ಮೇಲೆ ತೇಲಾಡ್ತಾ ಮೇವು ಕೇಳ್ತಿದ್ವು."

"ಅಮ್ಮ, ಇವತ್ತು ಬೇಡ" ಎಂದ ಮಾವ.

"ಸುಮ್ನಿರೋ. ಆಗ ಒಬ್ಬ ಚೋಟುದ್ದದ ಹುಡುಗಿ ಹೇಳಿದಳು, ಕಳ್ಳಿಯನ್ನ ಮನೆಮನೇಲಿ ಹುಡುಕಬೇಡಿ, ಕದ್ದ ತೂಕ ಎಲ್ಲಿಗೆ ಹೋಗುತ್ತೆ, ಕದ್ದವರ ಮೈಗೇ ಅಲ್ವಾ, ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ತೂಗಿ ಅಂತ." ಅಜ್ಜಿ ಬಿಸ್ಕತ್ತಿನ ಪುಡಿ ಕೊಡವಿಕೊಂಡು ಎದ್ದಳು. "ನನ್ನ ಮಗ ಕದ್ದಿದ್ರೆ ಅವನ ಮೈಲಿ ಮೂವತ್ತೊಂದು ಟನ್ ಇರಬೇಕು. ತೂಗು ಅವನನ್ನ. ಆಮೇಲೆ ನಿಮ್ಮ ಮ್ಯಾನೇಜರನ್ನೂ ತೂಗು."

"ಅವರದ್ದು ಸ್ವಲ್ಪ ಅನುಮಾನವೇ" ಎಂದ ಬಣ್ಣದಣ್ಣ.

ಮಾವ ಏಳಲಿಲ್ಲ. "ಸರಿ, ನಾನೇ ಮೊದಲು. ನಾಳೆ ನನ್ನ ಮೇಲೂ ಹೇಳ್ಯಾರು" ಎಂದು ಅಜ್ಜಿ ಚಪ್ಪಲಿ ಬಿಟ್ಟು, ದೇವರ ಮನೆಗೆ ಹೋಗುವವಳ ಹಾಗೆ, ಊರುಗೋಲನ್ನು ಮಾವನ ಕೈಗೆ ಕೊಟ್ಟು, ಹಲಗೆಯ ನಡುವೆ ಹೋಗಿ ನಿಂತಳು. ಅವಳ ಸಂತೋಷಕ್ಕೆ ನಾನು ಸ್ಟೂಲು ಹತ್ತಿದೆ.

ತೊಂಬತ್ತು ಕೆಜಿ.

ಕಣ್ಣುಜ್ಜಿ ಮತ್ತೆ ನೋಡಿದೆ. ತೊಂಬತ್ತೇ. ನಮ್ಮ ಅಜ್ಜಿ ಒಣಗಿದ ಕಡ್ಡಿ. ಕಳೆದ ತಿಂಗಳು ಡಾಕ್ಟರು ತೂಗಿ ಮೂವತ್ತೆಂಟು ಎಂದು ಬರೆದು, ಹಾಲು ಕುಡಿಸಿ ಎಂದು ನಮಗೆ ಬೈದಿದ್ದರು.

"ಎಷ್ಟೇ?" ಎಂದಳು ಅಜ್ಜಿ.

"ತೊಂಬತ್ತು."

ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ, ನಾನೇ ಕಳ್ಳಿ." ಅವಳ ದನಿಯಲ್ಲಿ ಗಾಬರಿಗಿಂತ ಹೆಮ್ಮೆಯೇ ಹೆಚ್ಚಿತ್ತು. "ಮಗನೇ, ನಿನ್ನ ಕೆಲಸ ಉಳೀತು. ನನ್ನನ್ನ ಹಿಡಿದುಕೊಡು."

"ಇಳಿ ಅಜ್ಜಿ, ಮುಳ್ಳು ಎಲ್ಲೋ ಸಿಕ್ಕಿಕೊಂಡಿರಬೇಕು" ಎಂದೆ. ಅವಳು ಇಳಿದಳು. ಮುಳ್ಳು ಸಲೀಸಾಗಿ ಹಿಂದಕ್ಕೆ ತಿರುಗಿತು, ತಿರುಗಿ ಐವತ್ತೆರಡಕ್ಕೆ ಬಂದು ನಿಂತಿತು.

ಹಲಗೆಯ ಮೇಲೆ ಯಾರೂ ಇರಲಿಲ್ಲ. ನಾನು ದಿನಾ ಬೆಳಿಗ್ಗೆ, ಮೂಲೆಯ ಸ್ಟೂಲು ಎಳೆಯುವ ಮುಂಚೆ, ಬಾಗಿಲಲ್ಲಿ ನಿಂತು ಮುಳ್ಳು ನೆಟ್ಟಗಿದೆಯಾ ಎಂದು ನೋಡಿಯೇ ಕೆಲಸ ಶುರು ಮಾಡುವವಳು. ಬೆಳಿಗ್ಗೆ ನೆಟ್ಟಗಿತ್ತು. ಈಗ ಐವತ್ತೆರಡು. ಯಾರ ಐವತ್ತೆರಡು? ಬಗ್ಗಿ ನನ್ನ ಕಾಲು ನೋಡಿಕೊಂಡೆ. ಒಂದು ನೀಲಿ, ಒಂದು ಕಂದು. ಅದರ ಕೆಳಗೆ ಸ್ಟೂಲು. ಸ್ಟೂಲಿನ ಕೆಳಗೆ ನೆಲ, ಹಸಿರು ಬಣ್ಣದ ನೆಲ, ಗೋಡೆಯಿಂದ ಗೋಡೆಗೆ ಒಂದೇ ಹಸಿರು.

"ಬಣ್ಣದಣ್ಣ, ಈ ಹಲಗೆಗೆ ಅಂಚಿತ್ತಲ್ವಾ? ಹಳದಿ ಗೆರೆ?" ಎಂದೆ.

"ಇತ್ತು, ಏಣಿ ಸಾಹೇಬರ ಕಾಲದಲ್ಲಿ. ನೀನು ಸೇರೋಕೆ ಒಂದು ವಾರ ಮುಂಚೆ ಸರ್ಕಾರದವರು ನೋಡೋಕೆ ಬರ್ತಾರೆ ಅಂತ ನೆಲಕ್ಕೆಲ್ಲ ಬಣ್ಣ ಹೊಡೀರಿ ಅಂದ್ರು. ಹೊಡೆದೆ. ಹಲಗೆ ಬಿಟ್ಟು ಹೊಡಿ ಅಂತ ಯಾರು ಹೇಳಿದ್ರು?"

ಅವನು ತನ್ನ ಕೆರೆಯುವ ಚಾಕು ತೆಗೆದು ಮಂಡಿಯೂರಿ ಸ್ಟೂಲಿನ ಸುತ್ತ ಕೆರೆದ. ಹಸಿರಿನ ಅಡಿಯಿಂದ ಹಳದಿ ಗೆರೆ, ಕಳೆದುಹೋದ ಓಣಿ ಮತ್ತೆ ಸಿಕ್ಕಿದ ಹಾಗೆ, ಇಂಚು ಇಂಚಾಗಿ ಹೊರಬಂತು. ಸ್ಟೂಲಿನ ನಾಲ್ಕು ಕಾಲೂ ಗೆರೆಯ ಒಳಗಿದ್ದವು.

ನಾನು ನಲವತ್ತೇಳು ಕೆಜಿ. ಸ್ಟೂಲು ಐದು.

ಪುಸ್ತಕ ತೆಗೆದೆ. ದೊಡ್ಡ ಹಲಗೆಯ ಮೇಲೆ ನಾನು ತೂಗಿದ್ದು ಆರುನೂರು ಸಲ. ಆರುನೂರು ಗುಣಿಸು ಐವತ್ತೆರಡು, ಮೂವತ್ತೊಂದು ಟನ್ನು ಇನ್ನೂರು ಕೆಜಿ. ಆರುನೂರು ಸಲವೂ ನಾನು ಸಾಮಾನಿನ ಜೊತೆ ತಕ್ಕಡಿಯಲ್ಲಿ ನಿಂತು ನನ್ನನ್ನೂ ತೂಗಿಕೊಂಡು ಹಡಗಿಗೆ ಕಳಿಸಿದ್ದೆ. ಲಂಗರಿನ ಜೊತೆ ನಾನು, ಪಂಪಿನ ಜೊತೆ ನಾನು, ಅಡುಗೆ ಒಲೆಯ ಜೊತೆ ನಾನು. ಆರುನೂರು ಜನ ನಾನು ಸ್ಟೂಲು ಹಿಡಿದುಕೊಂಡು ಆ ಹಡಗಿನಲ್ಲಿ ಒತ್ತಿಕೊಂಡು ನಿಂತಿದ್ದರು. ಅವರಿಗೆ ಜಾಗ ಮಾಡಲು ಪಾಪ ನಾವಿಕರ ಊಟದ ಮೇಜು ಕಿತ್ತಿದ್ದರು. ಪರೀಕ್ಷೆ ಮಾಡಲು ಬಂದ ಇಲಾಖೆಯವರಿಗೆ ಇದು ಯಾಕೆ ಸಿಗಲಿಲ್ಲ ಎಂದೂ ಹೊಳೆಯಿತು. ಬಂದಾತ ಏಣಿಯಷ್ಟೇ ಉದ್ದವಿದ್ದ, ಸ್ಟೂಲು ಬೇಕಿರಲಿಲ್ಲ.

ನಗು ಬಂತು. ಅಜ್ಜಿಗೆ ಮೊದಲು ಬಂತೋ ನನಗೋ ಗೊತ್ತಿಲ್ಲ. ಬಣ್ಣದಣ್ಣ ಹಲಗೆಯ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡ, ಮುಳ್ಳು ಅವನ ನಗುವಿಗೆ ತಕ್ಕ ಹಾಗೆ ಎಂಬತ್ತರ ಆಚೆ ಈಚೆ ಕುಣಿಯಿತು. ನಗದೆ ಇದ್ದವನು ಮಾವ ಒಬ್ಬನೇ.

"ಪುಟ್ಟೀ, ಇಲ್ಲಿ ಕೇಳು" ಎಂದ. "ಮೂರೂ ಮುಕ್ಕಾಲು ಆಯ್ತು. ತಕ್ಕಡಿ ಕೆಟ್ಟಿದೆ ಅಂತ ಹೇಳಿಬಿಡೋಣ. ಬಣ್ಣದವನು ಬಾಯಿ ಬಿಡಲ್ಲ. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ಸ್ಟೂಲಿನ ಕತೆ ಹೇಳಿದ್ರೆ ಇವತ್ತೇ ಮನೆಗೆ ಕಳಿಸ್ತಾರೆ."

"ತಕ್ಕಡಿ ಕೆಟ್ಟಿದೆ ಅಂದ್ರೆ ಎಷ್ಟು ಕೆಟ್ಟಿದೆ ಅಂತ ಕೇಳ್ತಾರೆ ಮಾವ. ತೂಗಿ ನೋಡ್ತಾರೆ, ಸರಿಯಾಗಿರುತ್ತೆ. ಆಗ ಮತ್ತೆ ನಿನ್ನ ತಲೆಗೇ ಬರುತ್ತೆ."

"ಬರಲಿ. ನನಗಿನ್ನು ಎರಡು ವರ್ಷ ಅಷ್ಟೇ ಸರ್ವೀಸು."

ಅವನ ಸೊಂಟ ನೋಡಿದೆ. ಬೀಗದ ಕೈ ಇದ್ದ ಜಾಗದಲ್ಲಿ ಪ್ಯಾಂಟಿನ ಬಟ್ಟೆ ಸವೆದು ಬೇರೆ ಬಣ್ಣಕ್ಕೆ ತಿರುಗಿತ್ತು. ನಾನು ಸ್ಟೂಲು ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಓಡಿದೆ.

ಕಟ್ಟುವ ಅಂಗಳದ ಉದ್ದಕ್ಕೂ ಓಡಬೇಕು. ಕ್ರೇನಿನ ಕೆಳಗೆ, ಉಕ್ಕಿನ ತಗಡುಗಳ ರಾಶಿ ಬಳಸಿ, ಮುಂದಿನ ಹಡಗಿನ ಬರಿ ಪಕ್ಕೆಲುಬುಗಳ ಪಕ್ಕದಲ್ಲಿ. ವೆಲ್ಡರುಗಳು ಮುಖವಾಡ ಎತ್ತಿ ನೋಡಿದರು.

"ತಕ್ಕಡಿ, ಎಲ್ಲಿಗೆ?"

"ಕಳ್ಳಿ ಸಿಕ್ಕಳು, ಹಿಡಿದುಕೊಡೋಕೆ."

"ಯಾರು, ಸ್ಟೂಲಾ?"

ಸಭೆಯ ಕೋಣೆಯಲ್ಲಿ ಮ್ಯಾನೇಜರು, ಸೊನ್ನೆ ಸಾರ್ ಮತ್ತು ಕಾವಲು ಪಡೆಯ ಮೇಡಂ ಕೂತಾಗಿತ್ತು. ಮೇಡಂ ಬಿಳಿ ಸಮವಸ್ತ್ರದ, ತುಟಿ ಬಿಗಿದ, ಹತ್ತು ವರ್ಷ ಕಡಲಲ್ಲಿ ಕಳ್ಳ ದೋಣಿ ಅಟ್ಟಿಸಿಕೊಂಡು ಹೋದವರು. ಮ್ಯಾನೇಜರ ಮುಂದೆ ಒಂದು ಕಾಗದವಿತ್ತು. ಅದರಲ್ಲಿ ಮಾವನ ಹೆಸರು ತಲೆಕೆಳಗಾಗಿ ಕಂಡಿತು. ನಾನು ಸ್ಟೂಲನ್ನು ಆ ಕಾಗದದ ಮೇಲೇ ಇಟ್ಟೆ.

ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಒಂದೂ ನೆನಪಾಗಲಿಲ್ಲ. "ಆ ಮೂವತ್ತೊಂದು ಟನ್ನು ನಾನು ಸಾರ್" ಎಂದೆ. "ನಾನು ಮತ್ತು ಇದು. ಆರುನೂರು ಸಲ. ಮಾವಂದು ಏನೂ ಇಲ್ಲ." ಆಮೇಲೆ ಹಸಿರು ಬಣ್ಣ, ಹಳದಿ ಗೆರೆ, ಅಜ್ಜಿಯ ತೊಂಬತ್ತು ಕೆಜಿ, ಎಲ್ಲ ಒಂದೇ ಉಸಿರಿಗೆ ಬಂತು. ರಾಕ್ಷಸಿಯನ್ನು ಮಾತ್ರ ಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವಳನ್ನೂ ಹೇಳಿದೆ.

ಸೊನ್ನೆ ಸಾರ್ ಪೆನ್ಸಿಲು ತೆಗೆದು ಕೂಡಿದರು, ಕಳೆದರು.

"ಮೂವತ್ತೊಂದು ಪಾಯಿಂಟ್ ಎರಡು. ನನ್ನದು ಮೂವತ್ತೊಂದು ಪಾಯಿಂಟ್ ನಾಲ್ಕು. ಇನ್ನೂರು ಕೆಜಿ ಎಲ್ಲಿ?"

"ಅದು ಊಟ ಆದ ಮೇಲೆ ತೂಗಿದ್ದು ಇರಬೇಕು ಸಾರ್."

ಸಾರ್ ಇನ್ನೂರನ್ನು ಆರುನೂರರಿಂದ ಭಾಗಿಸಿದರು. "ತಲಾ ಮುನ್ನೂರ ಮೂವತ್ತಮೂರು ಗ್ರಾಂ. ಪಾಯಿಂಟ್ ಮೂರು ಮೂರು ಮೂರು" ಎಂದು ಪೆನ್ಸಿಲು ಕೆಳಗಿಟ್ಟರು. "ಒಂದು ಡಬ್ಬಿ ಊಟ. ಸರಿಯಾಗಿದೆ." ಅವರ ಮುಖದಲ್ಲಿ ಒಂದು ವರ್ಷದಿಂದ ನಾನು ಕಾಣದಿದ್ದ ನೆಮ್ಮದಿ ಇತ್ತು. ಮರುಕ್ಷಣ ಅದು ಹೋಯಿತು. "ಹನ್ನೊಂದು ಕಂಪನಿಗಳಿಗೆ ಸುಳ್ಳರು ಅಂತ ಬರೆದಿದ್ದೀನಿ. ಆ ಲಂಗರಿನವನು ಕ್ಷಮೆ ಬೇರೆ ಕೇಳಿಬಿಟ್ಟ."

ಮೇಡಂ ತುಟಿ ಅಲುಗಲು ಶುರುವಾಯಿತು. ಕೆಮ್ಮಿದರು, ಕಿಟಕಿಯ ಕಡೆ ತಿರುಗಿದರು. ಕೊನೆಗೆ ತಡೆಯಲಾಗದೆ ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡು ನಕ್ಕರು. ಮ್ಯಾನೇಜರು ನಗಬಹುದೋ ಇಲ್ಲವೋ ತಿಳಿಯದೆ ಸ್ಟೂಲಿನ ಕಾಲು ಸವರುತ್ತಿದ್ದರು.

"ಅಂದರೆ ನನ್ನ ಹಡಗು ಮೂವತ್ತೊಂದು ಟನ್ ಹಗುರ, ಕಾರಣವೂ ಗೊತ್ತು" ಎಂದರು ಮೇಡಂ, ಕಣ್ಣೊರೆಸಿಕೊಂಡು. "ಹಾಗಾದರೆ ನಮ್ಮ ಹುಡುಗರ ಊಟದ ಮೇಜು ವಾಪಸ್ ಕೊಡಿ. ಕುರ್ಚಿ ಕೊಡಿ. ಆ ಹಾಸಿಗೆ ಮೇಲೆ ನಾನೊಂದು ಸಲ ಮಲಗಿ ನೋಡಿದೆ, ಬೆನ್ನಲ್ಲಿ ಇನ್ನೂ ತಿರುಪಿನ ಗುರುತಿದೆ. ಬೇರೆ ಹಾಸಿಗೆ ಕೊಡಿ. ಪ್ರತಿಯೊಂದು ತೂಕವನ್ನೂ ತಿದ್ದಿ ಬರೆದ ಪುಸ್ತಕ ಕೊಡಿ. ಸಹಿ ಆಮೇಲೆ."

"ಪುಸ್ತಕ ಯಾರು ತಿದ್ದೋದು?" ಎಂದರು ಮ್ಯಾನೇಜರು, ನನ್ನ ಕಡೆ ನೋಡುತ್ತ. ನಾನು ನೆಲ ನೋಡಿದೆ.

"ಹತ್ತಿದವಳೇ ಇಳಿಯಲಿ" ಎಂದರು ಸೊನ್ನೆ ಸಾರ್. "ಆರುನೂರು ಸಲವೂ ಒಂದೇ ಥರ ತಪ್ಪು ಮಾಡೋದು ಎಲ್ಲರಿಗೂ ಆಗಲ್ಲ ಸರ್. ಒಂದು ಸಲ ಗೆರೆ ಒಳಗೆ, ಒಂದು ಸಲ ಹೊರಗೆ ಅಂತ ನಿಂತಿದ್ದಿದ್ರೆ ನಾವು ಈ ಜನ್ಮದಲ್ಲಿ ಲೆಕ್ಕ ಬಿಡಿಸ್ತಿರಲಿಲ್ಲ."

ಮ್ಯಾನೇಜರು ಸ್ಟೂಲಿನ ಅಡಿಯಿಂದ ಕಾಗದ ಎಳೆದು ನಾಲ್ಕು ಚೂರು ಮಾಡಿದರು. ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ನನ್ನ ಕೈಗಿಟ್ಟು, "ನಿಮ್ಮ ಮಾವಂಗೆ ಕೊಡು. ನಾನೇ ಬಂದು ಮಾತಾಡ್ತೀನಿ ಅನ್ನು" ಎಂದರು. ನಾನು ಓಡುವಾಗ ಝಣಝಣ ಸದ್ದಾಯಿತು. ಮಾವ ಆ ಸದ್ದು ದೂರದಿಂದಲೇ ಕೇಳಿ ಡ್ರಮ್ಮಿನಿಂದ ಎದ್ದು ನಿಂತಿದ್ದ. ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಹೆಜ್ಜೆ ನಡೆದು ನೋಡಿದ, ಸರಿಯಾಗಿ ಸದ್ದು ಬರುತ್ತದೆಯೋ ಇಲ್ಲವೋ ಎಂದು.

ಆಮೇಲಿನ ಮೂರು ವಾರ ನಾನು ಹಡಗಿನಿಂದ ಇಳಿಯುತ್ತಲೇ ಇದ್ದೆ. ಪ್ರತಿ ಸಾಲಿನಿಂದ ಐವತ್ತೆರಡು ಕಳೆ, ಕೆಂಪು ಮಸಿಯಲ್ಲಿ ಬರೆ, ಸಹಿ ಹಾಕು. ಎಡ ಲಂಗರಿನಿಂದ ಇಳಿದೆ, ಬಲ ಲಂಗರಿನಿಂದ ಇಳಿದೆ. ಬಣ್ಣದಣ್ಣ ಹಲಗೆಯ ಅಂಚಿಗೆ ಗೇಣಗಲದ ಹಳದಿ ಗೆರೆ ಎಳೆದು, ಸಾಲದೆಂಬಂತೆ ಸ್ಟೂಲಿಗೂ ಹಳದಿ ಬಳಿದ. ಸೊನ್ನೆ ಸಾರ್ ಹನ್ನೊಂದು ಕ್ಷಮಾಪಣೆ ಪತ್ರ ಬರೆದರು. ಲಂಗರಿನವನು, ಪರವಾಗಿಲ್ಲ, ನಾವು ಈಗಾಗಲೇ ಸುಧಾರಿಸಿಕೊಂಡುಬಿಟ್ಟಿದ್ದೇವೆ ಎಂದು ಉತ್ತರ ಕಳಿಸಿದ. ಊಟದ ಮೇಜು ಬಂತು. ನಾನು ಗೆರೆಯ ಹೊರಗೆ ಸ್ಟೂಲಿಟ್ಟು, ಕುತ್ತಿಗೆ ಕೊಕ್ಕರೆಯಂತೆ ಚಾಚಿ ಓದಿದೆ. ನೂರಾ ಹದಿನಾಲ್ಕು. ಬರಿ ಮೇಜು.

ಸಮುದ್ರದ ಪರೀಕ್ಷೆಯ ಬೆಳಿಗ್ಗೆ ಹೋಗುವವರನ್ನೆಲ್ಲ ತೂಗಿ ಪಟ್ಟಿ ಮಾಡಬೇಕಿತ್ತು. ಇಂಜಿನಿನ ಮುದುಕಪ್ಪ, ಫಿಟ್ಟರುಗಳು, ಮೇಡಂ, ಸೊನ್ನೆ ಸಾರ್ ಒಬ್ಬೊಬ್ಬರಾಗಿ ಹಲಗೆಯ ಮೇಲೆ ನಿಂತು ಹೋದರು. ಪಟ್ಟಿ ಮುಗಿಯಿತೆಂದು ಪೆನ್ನು ಮುಚ್ಚಿದಾಗ ಸಾರ್ ಬಾಗಿಲಲ್ಲಿ ತಿರುಗಿ, "ಒಬ್ಬರು ಬಾಕಿ. ಮುಳ್ಳು ನಾನು ನೋಡ್ತೀನಿ, ನೀನು ನಿಲ್ಲು" ಎಂದರು.

ಅವರಿಗೆ ಸ್ಟೂಲು ಬೇಕಿರಲಿಲ್ಲ. ನಾನು ಹಳದಿ ಗೆರೆ ದಾಟಿ ಹಲಗೆಯ ನಟ್ಟನಡುವೆ ನಿಂತೆ. ಉಸಿರು ಎಳೆದುಕೊಂಡರೆ ತೂಕ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ ಎಂದು ಅನುಮಾನವಾಗಿ ಅರ್ಧದಲ್ಲೇ ನಿಲ್ಲಿಸಿದೆ.

"ನಲವತ್ತೆಂಟು" ಎಂದರು ಸಾರ್.

"ನಲವತ್ತೇಳು ಸಾರ್ ನಾನು."

"ಖುಷಿಗೂ ತೂಕ ಇರಬಹುದು, ನನಗೆ ಗೊತ್ತಿಲ್ಲ. ಬರಕೋ, ನಲವತ್ತೆಂಟು."

ಹಡಗುಕಟ್ಟೆಯ ಮೇಲೆ ಅಜ್ಜಿಯೂ ಮಾವನೂ ನಿಂತಿದ್ದರು. ಹಡಗು ಹತ್ತಲು ಹಾಕಿದ್ದ ಮರದ ಹಲಗೆಯ ಮೇಲೆ ನಾನು ಮೊದಲ ಹೆಜ್ಜೆಯಿಟ್ಟಾಗ ಅಜ್ಜಿ ಕೈಯೆತ್ತಿ ತಡೆದಳು. "ನಿಲ್ಲು, ನಿಲ್ಲು. ನೀರು ನೋಡಬೇಕು ನಾನು" ಎಂದು ಮಾವನ ತೋಳು ಹಿಡಿದು ಅಂಚಿಗೆ ಬಗ್ಗಿ, ಹಡಗಿನ ಮೈಮೇಲಿನ ಅಂಕಿಗಳ ಕಡೆ ಕಣ್ಣು ಕಿರಿದು ಮಾಡಿದಳು.

"ಹೂಂ, ಈಗ ಹತ್ತು."

ಹತ್ತಿದೆ. ಇಂಜಿನು ಗುಡುಗಿತು, ಹಗ್ಗ ಬಿಚ್ಚಿದರು, ನೀರು ನಮ್ಮ ಹಿಂದೆ ಹಾಲಿನಂತೆ ಉಕ್ಕಿತು. ಅಜ್ಜಿ ದಡದಿಂದ ಏನೋ ಕೂಗುತ್ತಿದ್ದಳು, ಕೇಳಿಸಲಿಲ್ಲ. ಮಾವನ ಕೈಯ ಸನ್ನೆಯಿಂದ ಗೊತ್ತಾಯಿತು. ಹಡಗು ಒಂದು ಕೂದಲೆಳೆಯಷ್ಟು ಇಳಿಯಿತು ಅನ್ನುತ್ತಿದ್ದಳು, ಮಾವ ಹೆಬ್ಬೆರಳು ತೋರುಬೆರಳು ಹತ್ತಿರ ಹತ್ತಿರ ತಂದು ತೋರಿಸಿದ, ಇಷ್ಟೇ ಇಷ್ಟು.